ಪಾತ್ರೆ ತೊಳೆಯುವಾಗಲೂ ಧ್ಯಾನ ಆಗುತ್ತದೆ

ಸಂಪಾದಕರೇ,

ಧ್ಯಾನದ ಬಗ್ಗೆ ಬರೆದಾಗಲೆಲ್ಲ ಕಣ್ಣು ಮುಚ್ಚಿ ಪದ್ಮಾಸನ ಹಾಕಿದವರ ಚಿತ್ರವೇ ಯಾಕೆ? ಅದನ್ನು ನೋಡಿ ಎಷ್ಟೋ ಜನ ಇದು ನಮಗಲ್ಲ ಅಂತ ಪುಟ ತಿರುಗಿಸಿಬಿಡುತ್ತಾರೆ. ಈ ಕ್ಷಣದಲ್ಲಿ ಇರುವುದನ್ನು ಪಾತ್ರೆ ತೊಳೆಯುತ್ತಲೂ ಅಭ್ಯಾಸ ಮಾಡಬಹುದು. ನೀರು ಬಿಸಿಯೋ ತಣ್ಣಗೋ, ಜಿಡ್ಡು ಇನ್ನೂ ಕೈಗೆ ಹತ್ತುತ್ತಿದೆಯೋ, ಭುಜ ಸುಮ್ನೆ ಬಿಗಿಯಾಗಿದೆಯೋ, ಇಷ್ಟು ಗಮನಿಸಿದರೆ ಸಾಕು. ಅಷ್ಟರಲ್ಲಿ ಮನಸ್ಸು ನಾಳೆಯ ಕೆಲಸಕ್ಕೋ ನಿನ್ನೆ ಯಾರೋ ಆಡಿದ ಮಾತಿಗೋ ಓಡಿರುತ್ತದೆ. ಓಡಲಿ ಬಿಡಿ. ಓಡಿದ್ದು ಗೊತ್ತಾಯಿತಲ್ಲ, ಅದೇ ಅಭ್ಯಾಸ. ನಮ್ಮನ್ನು ನಾವೇ ಬೈದುಕೊಳ್ಳದೆ ಮತ್ತೆ ಕೈಯಲ್ಲಿರುವ ತಟ್ಟೆಗೆ ಗಮನ ತಂದರಾಯಿತು. ಮನಸ್ಸನ್ನು ಪೂರ್ತಿ ಖಾಲಿ ಮಾಡಬೇಕು ಅನ್ನುವುದು ತಪ್ಪು ತಿಳಿವಳಿಕೆ.

ಮನಸ್ಸು ಅಲೆಯುವುದು ಎಲ್ಲರಿಗೂ ಇದ್ದದ್ದೇ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ 2,250 ಜನರನ್ನು ಫೋನ್ ಆ್ಯಪ್ ಮೂಲಕ ಆಗಾಗ ಕೇಳಿದಾಗ, ಸುಮಾರು ಶೇ 47ರಷ್ಟು ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು, ಹಾಗಿದ್ದಾಗ ಖುಷಿಯೂ ಕಡಿಮೆ ಇತ್ತು.

ಹಾಗಂತ ಇದು ಎಲ್ಲದಕ್ಕೂ ಮದ್ದಲ್ಲ. 1979ರಲ್ಲಿ ಜಾನ್ ಕಬತ್-ಜಿನ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಇಂಥ ತರಬೇತಿ ಶುರು ಮಾಡಿದ್ದು ದೀರ್ಘಕಾಲದ ನೋವಿರುವ ರೋಗಿಗಳಿಗಾಗಿ, ಅದೂ ಚಿಕಿತ್ಸೆಯ ಜೊತೆಗೆ. ಕೆಲಸದ ಹೊರೆ ಜಾಸ್ತಿ ಮಾಡಿ, ಒತ್ತಡ ಅಂದವರಿಗೆ 'ಉಸಿರು ಗಮನಿಸಿ' ಎನ್ನುವ ಕಂಪನಿಗಳನ್ನು ಕಂಡರೆ ಸಿಟ್ಟು ಬರುತ್ತದೆ. ಮೊದಲು ಹೊರೆ ಇಳಿಸಬೇಕು, ಅಲ್ವಾ? ದುಬಾರಿ ಶಿಬಿರಗಳ ಜಾಹೀರಾತಿನ ಪಕ್ಕದಲ್ಲಿ ಇದನ್ನೂ ಒಮ್ಮೆ ಬರೆಯಿರಿ.

— ಒಬ್ಬ ಓದುಗ