ಹಾಡು ಹುಟ್ಟಿದ ವಾದ್ಯದಲ್ಲೇ ಮೊದಲು ಕಲೀಲಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಬೇಸಿಗೆ ರಜೆಗೆ ಗಿಟಾರು ಕೀಬೋರ್ಡು ಕಲಿಯೋ ಮಕ್ಕಳಿಗೆ ಅಂತ ಹತ್ತು ಹಳೇ ಇಂಗ್ಲಿಷ್ ಪಾಪ್ ಹಾಡುಗಳ ಪಟ್ಟಿ ಕೊಟ್ಟಿದ್ರಿ, ನೋಡಿ ತುಂಬಾ ಖುಷಿ ಆಯ್ತು, ಕನ್ನಡ ಪತ್ರಿಕೇಲಿ ಇಂಥದ್ದು ಬರೋದೇ ಅಪರೂಪ. ಹಾಡುಗಳ ಆಯ್ಕೆ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಹತ್ತನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ ಗಿಟಾರ್ ಆಗ್ಲಿ ಪಿಯಾನೋ ಆಗ್ಲಿ ಎರಡರಲ್ಲೂ ಸುಲಭ ಅಂತ ಬರೆದಿದ್ದೀರಲ್ಲ, ಆ ಒಂದು ಮಾತಿಗೋಸ್ಕರ ಈ ಪತ್ರ. ಎರಡರಲ್ಲೂ ಸುಲಭ ಅಲ್ಲ ಸರ್. ಒಂದು ಹಾಡು ಗಿಟಾರ್ ಹಿಡಿದ ಕೈಯಲ್ಲಿ ಹುಟ್ಟಿರತ್ತೆ, ಇನ್ನೊಂದು ಪಿಯಾನೋ ಮುಂದೆ ಕೂತವರ ಕೈಯಲ್ಲಿ, ತವರು ಮನೇಲಿ ಅದು ಎಷ್ಟು ಸಲೀಸಾಗಿ ಓಡಾಡ್ಕೊಂಡಿರತ್ತೋ ಬೇರೆ ಮನೇಲಿ ಹಾಗಿರಲ್ಲ. ಕಲಿಯೋ ಮಗುಗೆ ಇದನ್ನ ಮೊದಲೇ ಹೇಳ್ಬೇಕು, ಹೇಳದೇ ಇದ್ರೆ ಮಗು ತನ್ನ ಕೈಯೇ ಸರಿ ಇಲ್ಲ ಅಂದ್ಕೊಂಡು ಬಿಟ್ಬಿಡತ್ತೆ.

ನಾನೂ ಹಾಗೇ ಬಿಟ್ಟಿದ್ದೆ. 1994ರಲ್ಲಿ ಮೈಸೂರಲ್ಲಿ ಡಿಗ್ರಿ ಓದ್ತಿದ್ದಾಗ ಹಾಸ್ಟೆಲ್ಲಲ್ಲಿ ಒಬ್ಬ ಸೀನಿಯರ್ ಹತ್ರ ಗಿಟಾರ್ ಇತ್ತು, ಆಗ ಗಿಟಾರ್ ಮುಟ್ಟಿದವರೆಲ್ಲ ಮೊದಲು ಕೇಳ್ತಿದ್ದದ್ದು ಹೋಟೆಲ್ ಕ್ಯಾಲಿಫೋರ್ನಿಯಾ, ಈಗ್ಲೂ ಅದೇ ಕೇಳ್ತಾರೆ. ಅವರು ನನ್ನ ನೋಟ್ಸಿನ ಕೊನೇ ಪುಟದಲ್ಲಿ ಎಂಟು ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಬರೆದುಕೊಟ್ರು, ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ತಿರುಗಾ ಎಫ್ ಶಾರ್ಪ್. ಶುರುವಿನ ಎರಡೂ ಬಾರೆ ಕಾರ್ಡು, ಅಂದ್ರೆ ತೋರುಬೆರಳನ್ನ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಿ ಹಿಡೀಬೇಕು, ಹೊಸಬರ ಬೆರಳಿಗೆ ಆ ಶಕ್ತಿ ಎಲ್ಲಿಂದ ಬರಬೇಕು. ನಾಲ್ಕು ತಿಂಗಳು ದಿನಾ ಸಂಜೆ ಒತ್ತಿದೀನಿ, ತಂತಿ ನಾದ ಬಿಡೋ ಬದಲು ಟಪ್ ಟಪ್ ಅಂತಿತ್ತು. ಕೊನೆಗೆ ನನಗೆ ಇದು ಆಗಿಬರಲ್ಲ ಅಂತ ಗಿಟಾರ್ ವಾಪಸ್ ಕೊಟ್ಟೆ.

ಆರು ವರ್ಷ ಆದ್ಮೇಲೆ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಗ ಜೊತೆಗಿದ್ದ ಒಬ್ರು ಹೇಳಿದ್ಮೇಲೇ ಗೊತ್ತಾಗಿದ್ದು, ಆ ಟ್ಯೂನ್ ಕಟ್ಟಿದ ಈಗಲ್ಸ್ ಬ್ಯಾಂಡಿನ ಡಾನ್ ಫೆಲ್ಡರ್ ಮೊದಲು ಅದನ್ನ ನುಡಿಸಿದ್ದು ಇ ಮೈನರಲ್ಲಿ, ಹಾಡಬೇಕಾದ ಡಾನ್ ಹೆನ್ಲಿ ಗಂಟಲಿಗೆ ಆ ಶ್ರುತಿ ಕೂರ್ಲಿಲ್ಲ ಅಂತ ಬಿ ಮೈನರ್‌ಗೆ ತಂದ್ರು, ತಂದಾಗ ಗಿಟಾರ್ ಕತ್ತಿನ 7ನೇ ಫ್ರೆಟ್ಟಲ್ಲಿ, ಅಂದ್ರೆ 7ನೇ ಅಡ್ಡಪಟ್ಟಿ ಹತ್ರ, ಎಲ್ಲಾ ತಂತೀನೂ ಒಟ್ಟಿಗೆ ಒತ್ತಿ ಹಿಡಿಯೋ ಕ್ಯಾಪೋ ಅನ್ನೋ ಕ್ಲಿಪ್ ಹಾಕಿ ಅದೇ ಇ ಮೈನರ್ ಆಕಾರಗಳನ್ನ ಇಟ್ಕೊಂಡ್ರು. ರೆಕಾರ್ಡಲ್ಲಿ ಗಂಟೆ ಥರ ಮೊಳಗೋ ಆ ಹನ್ನೆರಡು ತಂತಿ ಗಿಟಾರಿನ ನಾದ ಬಂದಿದ್ದೇ ಅಲ್ಲಿಂದ. ನಾನು ನೂರು ರೂಪಾಯಿದೊಂದು ಕ್ಯಾಪೋ ತಂದು 7ನೇ ಮನೆಗೆ ಹಾಕಿ ಇ ಮೈನರ್, ಬಿ ಸೆವೆನ್, ಡಿ, ಎ, ಸಿ, ಜಿ, ಎ ಮೈನರ್, ಬಿ ಸೆವೆನ್ ಹಿಡಿದೆ, ಒಂದೂ ಬಾರೆ ಇಲ್ಲ, ಎಲ್ಲಾ ಬಿಡಿ ತಂತಿಯ ಕಾರ್ಡು, ಮೊದಲನೇ ಸಂಜೇನೇ ಹಾಡು ಬಂತು. ಅವತ್ತು ಖುಷಿಗಿಂತ ಆ ಆರು ವರ್ಷ ಹೋಯ್ತಲ್ಲ ಅನ್ನೋ ಸಂಕಟಾನೇ ಜಾಸ್ತಿ ಆಗಿತ್ತು.

ನಿಮ್ಮ ಪಟ್ಟೀಲಿದ್ದ ಹಿಯರ್ ಕಮ್ಸ್ ದ ಸನ್ ಕೂಡ ಇದೇ ಜಾತಿ. 1969ರ ಏಪ್ರಿಲ್ಲಲ್ಲಿ ಬೀಟಲ್ಸ್ ಕಂಪನಿಯ ಮೀಟಿಂಗುಗಳಿಂದ ಬೇಸತ್ತು ಜಾರ್ಜ್ ಹ್ಯಾರಿಸನ್ ಒಂದಿನ ಚಕ್ಕರ್ ಹಾಕಿ ಗೆಳೆಯ, ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಮನೆಗೆ ಹೋಗ್ತಾರೆ, ಅವರದೇ ಗಿಟಾರ್ ಇಸ್ಕೊಂಡು ತೋಟದಲ್ಲಿ ಅಡ್ಡಾಡ್ತಾ ಇದನ್ನ ಕಟ್ತಾರೆ. ಕ್ಯಾಪೋ ಮತ್ತೆ 7ನೇ ಫ್ರೆಟ್ಟು, ಕೈ ಹಿಡಿಯೋದು ಡಿ ಆಕಾರ, ಕೇಳ್ಸೋದು ಎ ಶ್ರುತಿ. ಆ ಶುರುವಿನ ರಾಗ ಬೇರೆ ಎಲ್ಲೂ ಇಲ್ಲ, ಡಿ ಕಾರ್ಡ್ ಹಿಡಿದ ಬೆರಳುಗಳನ್ನ ಒಂದೊಂದಾಗಿ ಎತ್ತಿ ಇಳಿಸಿದ್ರೆ ತಾನೇ ಬರತ್ತೆ, ಬೆರಳಿಗೆ ಹತ್ತಿರ ಇದ್ದಿದ್ದೇ ಅಲ್ಲಿ ಟ್ಯೂನ್ ಆಗಿದೆ. ಇದನ್ನೇ ಕೀಬೋರ್ಡಲ್ಲಿ ನುಡಿಸಿ ನೋಡಿ, ಸ್ವರ ಎಲ್ಲಾ ಸರಿ ಇರತ್ತೆ ಬಿಸಿಲು ಮಾತ್ರ ಇರಲ್ಲ. ಇನ್ನೊಂದು ವಿಷ್ಯ, ಮಧ್ಯದಲ್ಲಿ ಸನ್ ಸನ್ ಸನ್ ಅಂತ ಬರೋ ಜಾಗದಲ್ಲಿ ತಾಳ ತಪ್ತು ಅಂತ ಎಲ್ಲರೂ ಗಾಬರಿ ಬೀಳ್ತಾರೆ, ನನ್ನ ಅಕ್ಕನ ಮಗ ಮೃದಂಗ ಕಲೀತಾನೆ, ಅವನಿಗೆ ಒಂದೇ ಸಲ ಕೇಳಿಸಿದ್ದಕ್ಕೆ ತೊಡೆ ಮೇಲೆ ತಕಿಟ ತಕಿಟ ತಕಿಟ ತಕ ಅಂತ ಹಾಕಿ ತೋರ್ಸಿದ. ಹನ್ನೊಂದು ಅಕ್ಷರ. ಅದಕ್ಕೂ ಮೂರು ವರ್ಷ ಮುಂಚೆ ಹ್ಯಾರಿಸನ್ ಭಾರತಕ್ಕೆ ಬಂದು ರವಿಶಂಕರ್ ಹತ್ರ ಸಿತಾರ್ ಕಲಿತಿದ್ರು, ಮೂರರ ಗುಂಪು ಮಾಡಿ ಎಣಿಸೋದು ನಮ್ಮ ಮಕ್ಕಳಿಗೆ ಹೊಸದೇನಲ್ಲ, ನಾಲ್ಕು ನಾಲ್ಕು ಎಣಿಸಿ ಅಭ್ಯಾಸ ಇರೋರಿಗೇ ಅದು ಕಷ್ಟ.

ಯೆಸ್ಟರ್‌ಡೇ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಅದು ಎರಡೂ ವಾದ್ಯದ ಕೂಸು. ಬೀಟಲ್ಸಿನ ಪಾಲ್ ಮೆಕಾರ್ಟ್ನಿಗೆ ಟ್ಯೂನ್ ಸಿಕ್ಕಿದ್ದು ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೇಲಿ, ನಿದ್ದೇಲಿ, ಎದ್ದವರೇ ಮಂಚದ ಪಕ್ಕದ ಪಿಯಾನೋದಲ್ಲಿ ಕಾರ್ಡ್ ಹುಡುಕಿದ್ರು, ಆಮೇಲೆ ಇದು ಬೇರೆ ಯಾರದ್ದೋ ಇರಬೇಕು ಅಂತ ಎಷ್ಟೋ ದಿನ ಸಿಕ್ಕಸಿಕ್ಕವರನ್ನ ಕೇಳ್ಕೊಂಡು ಓಡಾಡಿದ್ರಂತೆ. 1965ರ ಜೂನಲ್ಲಿ ರೆಕಾರ್ಡ್ ಮಾಡೋವಾಗ ಗಿಟಾರ್ ಹಿಡಿದ್ರು, ಆರೂ ತಂತೀನ ಒಂದು ಪೂರ್ತಿ ಸ್ವರ ಇಳಿಸಿ, ಕೈ ಜಿ ಆಕಾರದಲ್ಲಿ ಕೇಳೋದು ಎಫ್ ಆಗಿ. ಇಂಟರ್ನೆಟ್ಟಲ್ಲಿ ಸಿಗೋ ಎಷ್ಟೋ ನೋಟ್ಸಲ್ಲಿ ತಂತಿ ಇಳಿಸೋ ವಿಷ್ಯಾನೇ ಇರಲ್ಲ, ಮಕ್ಕಳು ಸರಿಯಾಗೇ ನುಡಿಸಿ ರೆಕಾರ್ಡ್ ಜೊತೆ ಹಾಕ್ಕೊಂಡ್ರೆ ಅಪಶ್ರುತಿ, ತಪ್ಪು ತಮ್ಮದೇ ಅಂದ್ಕೊಂಡು ಅಳ್ತಾರೆ. ಅದರ ಮೊದಲನೇ ಭಾಗ ಏಳು ಬಾರ್, ಅಂದ್ರೆ ತಾಳದ ಏಳು ಆವರ್ತ, ಇಂಥ ಹಾಡುಗಳಲ್ಲಿ ಸಾಮಾನ್ಯವಾಗಿ ಎಂಟು ಇರತ್ತೆ, ಏನೋ ಹೇಳೋಕೆ ಹೋಗಿ ಮಾತು ಅರ್ಧಕ್ಕೇ ನಿಂತ ಹಾಗೆ ಅನ್ಸೋದು ಅದಕ್ಕೇ. ದಯವಿಟ್ಟು ಯಾವ ಟೀಚರ್ರೂ ಅದನ್ನ ಎಳೆದು ಎಂಟು ಮಾಡಬೇಡಿ.

ಬೆರಳಲ್ಲಿ ತಂತಿ ಮೀಟೋದನ್ನ ಕಲಿಯೋರಿಗೆ ನಂದೊಂದು ಶಿಫಾರಸು, ಬೀಟಲ್ಸಿನ ಬ್ಲ್ಯಾಕ್‌ಬರ್ಡ್‌ಗಿಂತ ಮುಂಚೆ ಡಸ್ಟ್ ಇನ್ ದ ವಿಂಡ್ ಕಲೀರಿ. ಕಾನ್ಸಾಸ್ ಬ್ಯಾಂಡಿನ ಕೆರಿ ಲಿವ್‌ಗ್ರೆನ್ ಬೆರಳು ಪಳಗ್ಲಿ ಅಂತ ತಮಗೇ ಮಾಡ್ಕೊಂಡಿದ್ದ ಒಂದು ವರಸೆ ಅದು, ಕೇಳಿದ ಹೆಂಡತಿ ಇದಕ್ಕೆ ಮಾತು ಹಾಕಿ ಅಂದಿದ್ದಕ್ಕೆ 1977ರಲ್ಲಿ ಹಾಡಾಯ್ತು. ನಮ್ಮಲ್ಲಿ ಸರಳೆ ಜಂಟಿವರಸೆ ಕಲಿಸೋ ಹಾಗೆ ಅದರಲ್ಲಿ ಹೆಬ್ಬೆರಳು ಕೆಳಗಿನ ಸ್ವರ ಎಣಿಸ್ತಾ ಇರತ್ತೆ, ಉಳಿದ ಬೆರಳು ಮೇಲೆ ತುಂಬ್ತಾ ಹೋಗತ್ತೆ, ವರಸೆ ಕಲಿತಾಗ ಹಾಡೂ ಕಲಿತಿರ್ತೀರಿ. ಇದೇ ಥರದ ಬೆರಳಾಟವನ್ನ 1968ರಲ್ಲಿ ಋಷಿಕೇಶದ ಆಶ್ರಮದಲ್ಲಿ ಡೊನೊವನ್ ಅನ್ನೋ ಗಾಯಕ ಬೀಟಲ್ಸಿನ ಜಾನ್ ಲೆನನ್‌ಗೆ ಹೇಳಿಕೊಟ್ರು, ಗಂಗೆ ದಡದಲ್ಲಿ ಕಲಿತದ್ದು ಅದೇ ವರ್ಷ ಜೂಲಿಯಾ ಅನ್ನೋ ಹಾಡಾಗಿ ಲಂಡನ್ನಲ್ಲಿ ಬಂತು, ತೀರಿಹೋದ ಅಮ್ಮನ ಮೇಲಿನ ಹಾಡು. ನನಗೆ ಅದನ್ನ ನುಡಿಸೋವಾಗೆಲ್ಲ ಗಂಟಲು ಕಟ್ಟತ್ತೆ.

ಇನ್ನು ಪಿಯಾನೋ. ನಮ್ಮ ಮಗಳನ್ನ ಎಂಟನೇ ವಯಸ್ಸಿಗೆ ಕೀಬೋರ್ಡ್ ಕ್ಲಾಸಿಗೆ ಸೇರಿಸಿದ್ವಿ, ಎರಡು ವರ್ಷ ಬರೀ ಪರೀಕ್ಷೆ ಪೀಸ್‌ಗಳೇ, ಅದೂ ಮೂರೇ ಮೂರು, ಅದನ್ನೇ ಉಜ್ಜಿ ಉಜ್ಜಿ ಮಗುಗೆ ವಾದ್ಯ ಕಂಡ್ರೇ ಬೇಡ ಅನ್ನೋ ಹಾಗಾಯ್ತು. ಆಗ ನಾನೇ ಪಕ್ಕ ಕೂತು ಲೆಟ್ ಇಟ್ ಬಿ ಶುರು ಮಾಡಿಸಿದೆ. ಸಿ, ಜಿ, ಎ ಮೈನರ್, ಎಫ್, ಹೆಚ್ಚುಕಮ್ಮಿ ಎಲ್ಲಾ ಬಿಳಿ ಕೀ. ಅವಳು ಅಜ್ಜಿ ಹತ್ರ ಒಂದಿಷ್ಟು ಸಂಗೀತ ಕಲಿತಿದ್ಲು, ಸಿ ಅನ್ನೋದನ್ನ ಷಡ್ಜ ಅಂತ ಇಟ್ಕೊಂಡ್ರೆ ಬಿಳಿ ಕೀಗಳೆಲ್ಲ ಸೇರಿ ಶಂಕರಾಭರಣ ಅಂತ ಹೇಳಿದ ತಕ್ಷಣ ಅವಳ ಮುಖ ಅರಳಿದ್ದು ನನಗಿನ್ನೂ ನೆನಪಿದೆ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಟ್ಯೂನ್‌ಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರ ಮಾಡಿದ್ದೂ ಇದೇ ರಾಗದಲ್ಲಿ ತಾನೇ, ಈ ದಾರಿ ಹಳೇದು.

ಆಮೇಲೆ ಇಮ್ಯಾಜಿನ್. 1971ರದ್ದು, ಲೆನನ್ ತಮ್ಮ ಮನೆಯ ಪಿಯಾನೋದಲ್ಲಿ ಕಟ್ಟಿದ್ದು. ಸಿ ಇಂದ ಎಫ್‌ಗೆ ಹೋಗಿ ವಾಪಸ್ ಬರೋವಾಗ ಬಲಗೈ ಮೂರು ಮೆಟ್ಟಿಲು ಹತ್ತತ್ತೆ, ಎ, ಎ ಶಾರ್ಪ್, ಬಿ, ನಮ್ಮ ಲೆಕ್ಕದಲ್ಲಿ ಚತುಶ್ರುತಿ ಧೈವತ, ಕೈಶಿಕಿ ನಿಷಾದ, ಕಾಕಲಿ ನಿಷಾದ. ಆ ಮೂರು ಕೀ ಇಲ್ಲದೇ ಇದ್ರೆ ಆ ಹಾಡಿಲ್ಲ, ಗಿಟಾರಲ್ಲಿ ಬರೀ ಕಾರ್ಡ್ ಬಡಿಯೋರು ಅದನ್ನೇ ಬಿಟ್ಬಿಡ್ತಾರೆ. ಪಿಯಾನೋ ಮ್ಯಾನ್ ಇನ್ನೂ ಚೆನ್ನಾಗಿದೆ. ಬಿಲ್ಲಿ ಜೋಯಲ್ ಲಾಸ್ ಏಂಜಲಿಸ್ಸಿನ ಒಂದು ಬಾರಲ್ಲಿ ಪಿಯಾನೋ ನುಡಿಸಿ ಹೊಟ್ಟೆ ಹೊರೀತಿದ್ದ ದಿನಗಳ ಹಾಡು, 1973ರಲ್ಲಿ ಬಂತು, ಮೂರರ ಲೆಕ್ಕದಲ್ಲಿ ತೂಗಾಡತ್ತೆ. ಅದರ ಎಡಗೈಯನ್ನ ಮಾತ್ರ ಒಂದ್ಸಲ ನುಡಿಸಿ ನೋಡಿ, ಸಿ, ಬಿ, ಎ, ಜಿ, ಎಫ್, ಇ, ಡಿ. ಸ ನಿ ದ ಪ ಮ ಗ ರಿ. ಅವರೋಹಣ ಸರ್ ಅದು, ಅಜ್ಜಿ ಕಲಿಸಿದ್ದ ಶಂಕರಾಭರಣದ ಅವರೋಹಣ, ಅದರ ಮೇಲೆ ಇಡೀ ಹಾಡು ನಿಂತಿದೆ. ನನ್ನ ಮಗಳು ಇದನ್ನ ಅವಳಾಗೇ ಕಂಡುಹಿಡಿದು ಅಡುಗೆಮನೆಗೆ ಓಡಿ ಬಂದು ಹೇಳಿದ್ಲು. ಗಿಟಾರಲ್ಲೂ ಬಾಸ್ ಇಳಿಸಬಹುದು, ಆದ್ರೆ ಎಡಗೈ ತಾನೊಬ್ಬನೇ ಮೆಟ್ಟಿಲಿಳಿಯೋದು, ಬಲಗೈ ಮೇಲೆ ನಿಂತು ನೋಡೋದು, ಆ ಸುಖ ಪಿಯಾನೋದಲ್ಲೇ.

ಒಂದು ವಾದ್ಯದಲ್ಲಿ ಹುಟ್ಟಿ ಇನ್ನೊಂದರಲ್ಲಿ ಬೆಳೆದ ಹಾಡೂ ಇದೆ, ನನ್ನ ವಾದಕ್ಕೆ ಎದುರು ನಿಲ್ಲೋದರಿಂದ ಅದನ್ನ ಮುಚ್ಚಿಡಲ್ಲ. ಬ್ರಿಜ್ ಓವರ್ ಟ್ರಬಲ್ಡ್ ವಾಟರನ್ನ ಪಾಲ್ ಸೈಮನ್ ಬರೆದಿದ್ದು ಗಿಟಾರಲ್ಲಿ, ಜಿ ಶ್ರುತೀಲಿ. ಇದಕ್ಕೆ ಪಿಯಾನೋನೇ ಬೇಕು ಅನ್ಸಿ ಲ್ಯಾರಿ ನೆಕ್ಟೆಲ್ ಅನ್ನೋ ಸ್ಟುಡಿಯೋ ಕಲಾವಿದರ ಕೈಗೆ ಕೊಟ್ರು, ಅವರು ಇ ಫ್ಲ್ಯಾಟ್‌ಗೆ ತಂದು ಚರ್ಚಿನ ಗಾಸ್ಪೆಲ್ ಶೈಲೀಲಿ ದಿನಗಟ್ಟಲೆ ಕೂತು ಕೆತ್ತಿದ್ರು, 1970ರಲ್ಲಿ ಲೋಕವೇ ಕೇಳಿದ್ದು ಅದನ್ನ. ಹಾಡಿನ ಸಾಲುಗಳ ನಡುವೆ ಪಿಯಾನೋ ಹೇಳೋ ಉತ್ತರಗಳೆಲ್ಲ ನೆಕ್ಟೆಲ್ ಅವರದ್ದು. ಹಾಗಾಗಿ ಹುಟ್ಟಿದ ವಾದ್ಯ ಅಂದ್ರೆ ಬರೆದ ವಾದ್ಯ ಅಂತಲೇ ಅಲ್ಲ, ಹಾಡು ತನ್ನ ರೂಪ ಪಡೆದ ವಾದ್ಯ ಅಂತ ತಗೋಬೇಕು. ನಾನು ಅದನ್ನ ಗಿಟಾರಲ್ಲಿ ವರ್ಷಗಟ್ಟಲೆ ಪ್ರಯತ್ನ ಪಟ್ಟು ಈಗ ಮಗಳಿಗೆ ಬಿಟ್ಟುಕೊಟ್ಟಿದ್ದೀನಿ.

ಬೊಹೀಮಿಯನ್ ರಾಪ್ಸಡಿ ನಿಮ್ಮ ಪಟ್ಟೀಲಿ ಇದ್ದಿದ್ದು ಒಳ್ಳೇದೇ ಆಯ್ತು, ಆದ್ರೆ ಮೊದಲನೇ ವರ್ಷದವರಿಗೆ ಅಲ್ಲ, ಎಡಗೈ ಬಲಗೈ ಮೇಲಿಂದ ದಾಟಿ ಹೋಗಿ ಮೇಲಿನ ಸ್ವರ ಮುಟ್ಟಿ ಬರಬೇಕು ಅಲ್ಲಿ. ಅದನ್ನ ಬರೆದ ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ಹುಡುಗನಾಗಿದ್ದಾಗ ಪಿಯಾನೋ ಕಲಿತಿದ್ದು ಪಂಚಗಣಿಯ ಬೋರ್ಡಿಂಗ್ ಶಾಲೇಲಿ ಅನ್ನೋದನ್ನ ಒಂದು ಸಾಲು ಸೇರಿಸಿದ್ರೆ ಮಕ್ಕಳಿಗೆ ಹುಮ್ಮಸ್ಸು ಬರ್ತಿತ್ತು.

ನಿಜವಾಗ್ಲೂ ಎರಡರಲ್ಲೂ ಸುಲಭ ಅನ್ನಬಹುದಾದ್ದು ನನ್ನ ಮಟ್ಟಿಗೆ ಎರಡೇ. ಒಂದು ಕಂಟ್ರಿ ರೋಡ್ಸ್, 1971ರದ್ದು, ಜಿ, ಇ ಮೈನರ್, ಡಿ, ಸಿ ಗೊತ್ತಿದ್ರೆ ಕಾಲೇಜ್ ಟ್ರಿಪ್ಪಿನ ಬಸ್ಸಲ್ಲಿ ಎಲ್ಲರ ಬಾಯಲ್ಲೂ ಹಾಡಿಸಬಹುದು. ಇನ್ನೊಂದು ಲೆನರ್ಡ್ ಕೊಹೆನ್ ಅವರ 1984ರ ಹಲ್ಲೆಲೂಯಾ, ಅದರಲ್ಲಂತೂ ಮೊದಲನೇ ಚರಣದ ಮಾತೇ ಮುಂದಿನ ಕಾರ್ಡ್ ಯಾವುದು ಅಂತ ಹೇಳ್ತಾ ಹೋಗತ್ತೆ, ಸಿ ಶ್ರುತೀಲಿ ನಾಲ್ಕನೇದು ಅಂದಾಗ ಎಫ್ ಬರತ್ತೆ, ಐದನೇದು ಅಂದಾಗ ಜಿ, ಮೈನರ್ ಅಂದಾಗ ಎ ಮೈನರ್. ಕಲಿಸೋರಿಗೆ ಅದಕ್ಕಿಂತ ಒಳ್ಳೇ ಪಾಠ ಸಿಗಲ್ಲ.

ನನ್ನ ಕೇಳಿಕೆ ಇಷ್ಟೇ. ರಜೆ ಮುಗಿಯೋವರೆಗೆ ಆ ಪುಟದಲ್ಲಿ ವಾರಕ್ಕೊಂದು ಹಾಡು ತಗೊಳ್ಳಿ, ಸಾಹಿತ್ಯ ಹಾಕೋದು ಬೇಡ, ಅದಕ್ಕೆ ಹಕ್ಕಿನ ಪ್ರಶ್ನೆ ಬರತ್ತೆ, ಕಾರ್ಡುಗಳನ್ನ ಕನ್ನಡ ಅಕ್ಷರದಲ್ಲೇ ಬರೀರಿ, ಪಕ್ಕದಲ್ಲಿ ಮೂರು ವಿಷ್ಯ ಹಾಕಿ, ಯಾವ ವಾದ್ಯದ ಹಾಡು, ಕ್ಯಾಪೋ ಎಷ್ಟನೇ ಫ್ರೆಟ್ಟು, ಮೂಲ ಶ್ರುತಿ ಯಾವುದು. ಕನ್ನಡದ್ದೂ ಸೇರಲಿ, 1981ರ ಗೀತಾ ಚಿತ್ರಕ್ಕೆ ಇಳಯರಾಜಾ ಮಾಡಿದ ಜೊತೆಯಲಿ ಹಾಡನ್ನ ಗಿಟಾರಲ್ಲಿ ಕೇಳದ ಕಾಲೇಜು ನಮ್ಮಲ್ಲಿ ಇಲ್ಲ, ಆದ್ರೂ ಅದರ ಕಾರ್ಡ್ ಕನ್ನಡದಲ್ಲಿ ಅಚ್ಚಾಗಿದ್ದನ್ನ ನಾನು ನೋಡಿಲ್ಲ. ಮೊದಲನೇ ವಾರಕ್ಕೆ ಹೋಟೆಲ್ ಕ್ಯಾಲಿಫೋರ್ನಿಯಾ ಹಾಕಿ, ಕ್ಯಾಪೋ 7 ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕಿ. ಬೇಕಾದ್ರೆ ನಾನೇ ಬರೆದು ಕಳಿಸ್ತೀನಿ, ದುಡ್ಡೇನೂ ಬೇಡ.

ಇಂತಿ ನಿಮ್ಮ ಓದುಗ,
ಮೈಸೂರು