ಹೆಸರಷ್ಟೇ ಬದಲ್ ಮಾಡ್ರಿ ಕಾಕಾ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಗಲ್ಲಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಅಫಿಡವಿಟ್ಟು, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಇದರಲ್ಲೇ ನಮ್ಮ ಹೊಟ್ಟೆಪಾಡು. ಆದರೆ ಪರೀಕ್ಷೆ ಹತ್ತಿರ ಬಂತೆಂದರೆ ಹದಿನೈದು ದಿನ ಊಟಕ್ಕೂ ಪುರಸೊತ್ತಿಲ್ಲ. ಐಟಿಐ ಹುಡುಗರು, ಡಿಪ್ಲೊಮಾ ಹುಡುಗರು ಸಾಲಾಗಿ ಬಂದು ನಿಲ್ಲುತ್ತಾರೆ. ಎಲ್ಲರದೂ ಒಂದೇ ಮಾತು: "ಕಾಕಾ, ಹೋದ ವರ್ಷದ ಪ್ರಾಜೆಕ್ಟ್ ಅದಾವಲ್ಲ, ಒಂದು ತೆಗೀರಿ, ಹೆಸರಷ್ಟೇ ಬದಲ್ ಮಾಡ್ರಿ."

ನಾನು ಬದಲ್ ಮಾಡಿ ಕೊಟ್ಟಿದ್ದೇನೆ. ಸುಳ್ಳು ಯಾಕೆ ಹೇಳಲಿ? ಪುಟಕ್ಕಿಷ್ಟು, ಬೈಂಡಿಂಗಿಗಿಷ್ಟು ಅಂತ ದುಡ್ಡೂ ತಗೊಂಡಿದ್ದೇನೆ. ನನ್ನ ಕಂಪ್ಯೂಟರ್‌ನಲ್ಲಿ "ಹಳೇ ಪ್ರಾಜೆಕ್ಟ್" ಅನ್ನೋ ಫೋಲ್ಡರೇ ಇದೆ. ಲೈಬ್ರರಿ ಮ್ಯಾನೇಜ್‌ಮೆಂಟು, ಹಾಸ್ಟೆಲ್ ಮ್ಯಾನೇಜ್‌ಮೆಂಟು, ಕಿರಾಣಿ ಬಿಲ್ಲಿಂಗು, ಆಸ್ಪತ್ರೆ ಟೋಕನ್ನು. ಒಬ್ಬ ಹುಡುಗ ಹಾಸ್ಟೆಲ್ ಪ್ರಾಜೆಕ್ಟನ್ನೇ ಲೈಬ್ರರಿ ಮಾಡಿಕೊಡಿ ಅಂದ. ನಾನು ಫೈಂಡ್ ಅಂಡ್ ರಿಪ್ಲೇಸ್ ಹಾಕಿ ವಿದ್ಯಾರ್ಥಿ ಇದ್ದಲ್ಲೆಲ್ಲ ಪುಸ್ತಕ ಅಂತ ಮಾಡಿದೆ. ಅದು ಮಾಡಿದ ಅವಾಂತರ ನೋಡಿ, ಹನ್ನೊಂದನೇ ಪುಟದಲ್ಲಿ "ಪ್ರತಿ ಪುಸ್ತಕಕ್ಕೂ ದಿನಕ್ಕೆ ಎರಡು ಹೊತ್ತು ಊಟ ಕೊಡಲಾಗುತ್ತದೆ" ಅಂತ ಬಂದುಬಿಟ್ಟಿತ್ತು. ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ. ಆ ಪುಟದ ಕೆಳಗೆ ಮೇಷ್ಟ್ರ ಕೆಂಪು ಇಂಕಿನ ಸೈನ್ ಬಿತ್ತು, ಪಕ್ಕದಲ್ಲಿ ಗುಡ್ ಅಂತ ಬೇರೆ. ಮುಂದಿನ ವರ್ಷ ಅದೇ ಫೈಲ್ ಇನ್ನೊಬ್ಬ ಒಯ್ದ. ಪುಸ್ತಕಗಳು ಆ ವರ್ಷವೂ ಎರಡು ಹೊತ್ತು ಉಂಡವು.

ಇದನ್ನು ನಾನು ನಗೋಕೆ ಬರೆಯುತ್ತಿಲ್ಲ. ನಕ್ಕಿದ್ದು ಆಗಲೇ ಮುಗಿದಿದೆ. ಹೋದ ವರ್ಷ ಅಂಗಡಿಗೆ ಒಬ್ಬ ಹುಡುಗ ಬೇಕಾಗಿದ್ದ. ಕೋಪಾ ಪಾಸಾದವ ಸಿಕ್ಕ. ಕೋಪಾ ಅಂದರೆ ಐಟಿಐನ ಕಂಪ್ಯೂಟರ್ ಟ್ರೇಡು, ಪೂರ್ತಿ ಹೆಸರು ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್. ಇಂಟರ್ನಲ್‌ನಲ್ಲಿ ತೊಂಬತ್ತರ ಮೇಲೆ ಬಂದಿತ್ತು. ಒಳ್ಳೆ ಹುಡುಗ, ಮಾತು ಕಡಿಮೆ, ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಎರಡನೇ ದಿನ ಅಂಗಡಿ ಲೆಕ್ಕವನ್ನು ಎಕ್ಸೆಲ್‌ಗೆ ಹಾಕು ಅಂದೆ. ಅಂಕಿಗಳನ್ನೆಲ್ಲ ಚೆನ್ನಾಗಿ ಟೈಪ್ ಮಾಡಿದ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದೊಂದೇ ಕೂಡಿಸಿ, ಒಟ್ಟು ಮೊತ್ತವನ್ನು ಕೆಳಗೆ ಕೈಯಿಂದಲೇ ಟೈಪ್ ಮಾಡಿದ! ಇದೇನಪ್ಪಾ ಅಂದರೆ ತಲೆ ತಗ್ಗಿಸಿ ಹೇಳಿದ: "ಕಾಕಾ, ರೆಕಾರ್ಡ್‌ನಾಗ ಎಲ್ಲಾ ಬರ್ದೀನಿ. ಕಂಪ್ಯೂಟರ್ ಮ್ಯಾಗ ಕುಂತಿದ್ದು ಕಮ್ಮಿ." ಮೂರು ವಾರದಲ್ಲಿ ಎಲ್ಲ ಕಲಿತ, ಈಗ ನನಗಿಂತ ಜೋರು. ಅಂದರೆ ತಲೆ ಇತ್ತು. ಕಲಿಸಿದ್ದೂ ಅಷ್ಟಕ್ಕಷ್ಟೇ, ಕಲಿತಿದ್ದಾನಾ ಅಂತ ನೋಡಿದ್ದು ಅದಕ್ಕಿಂತ ಕಡಿಮೆ.

ಕಾಗದದ ಮೇಲೆ ನಿಯಮ ಚೆನ್ನಾಗೇ ಇದೆ, ಅದನ್ನೂ ಹೇಳಬೇಕು. ಕೋಪಾದ ಸಿಲೆಬಸ್ ಡೌನ್‌ಲೋಡ್ ಮಾಡಿ ಓದಿದೆ. ಒಂದು ವರ್ಷದ ಕೋರ್ಸು, 1200 ಗಂಟೆ, ಅದರಲ್ಲಿ 840 ಗಂಟೆ ಪ್ರಾಕ್ಟಿಕಲ್. ವರ್ಷವಿಡೀ ನಡೆಯುವ ಮೌಲ್ಯಮಾಪನಕ್ಕೆ ಅವರು ಫಾರ್ಮೇಟಿವ್ ಅನ್ನುತ್ತಾರೆ, ನಮ್ಮ ಹುಡುಗರಿಗೆ ಅದು ಇಂಟರ್ನಲ್ ಅಷ್ಟೇ. ಲ್ಯಾಬಿನಲ್ಲಿ ಮಾಡಿದ ಜಾಬು, ರೆಕಾರ್ಡ್ ಬುಕ್ಕು, ಡೈಲಿ ಡೈರಿ, ವೈವಾ, ಹಾಜರಿ, ಪ್ರಾಜೆಕ್ಟು, ಎಲ್ಲ ನೋಡಿ ಅಂಕ ಕೊಡಬೇಕು. ಈ ದಾಖಲೆಗಳನ್ನು ಮುಂದಿನ ಪರೀಕ್ಷೆವರೆಗೆ ಇಟ್ಟಿರಬೇಕು, ಪರೀಕ್ಷೆ ನಡೆಸುವವರು ಬಂದು ಪರಿಶೀಲಿಸಬಹುದು ಅಂತಲೂ ಬರೆದಿದೆ. ಬಂದು ನೋಡಿದ್ದರೆ ನನ್ನ ಪುಸ್ತಕಗಳಿಗೆ ಎರಡನೇ ವರ್ಷದ ಊಟ ಸಿಗುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಕಿತಾಪತಿ ಅದೇ ನಿಯಮದೊಳಗೇ ಕೂತಿದೆ. ಪ್ರಾಕ್ಟಿಕಲ್‌ಗೂ ಇಂಟರ್ನಲ್‌ಗೂ ಪಾಸಾಗಲು ನೂರಕ್ಕೆ 60 ಬೇಕು, ಉಳಿದ ವಿಷಯಗಳಿಗೆ 33 ಸಾಕು. ಕೈಕೆಲಸದ ಕೋರ್ಸು, ಕೈ ಗಟ್ಟಿಯಿರಲಿ ಅಂತ 60 ಇಟ್ಟಿದ್ದಾರೆ, ಸರಿ. ಆದರೆ ಇಂಟರ್ನಲ್ ಕೊಡುವವರು ಕಲಿಸಿದ ಮೇಷ್ಟ್ರೇ. 55ರ ಯೋಗ್ಯತೆ ಇರುವ ಹುಡುಗನಿಗೆ 55 ಕೊಟ್ಟರೆ ಅವನು ಫೇಲು, ಸಂಸ್ಥೆಯ ರಿಸಲ್ಟ್ ಇಳಿಯಿತು, ಪಾಲಕರು ಬಾಗಿಲಿಗೆ ಬಂದರು. ಹಾಗಾಗಿ 55 ಅನ್ನೋ ಅಂಕವೇ ಮಾಯ. ಅದು 65 ಆಗುತ್ತದೆ. 55ರವನು 65 ಆದಮೇಲೆ ನಿಜವಾಗಿ 65ರವನಿಗೆ ಅಷ್ಟೇ ಕೊಡಲು ಮನಸ್ಸು ಬರುತ್ತದಾ? ಅವನು 78. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಎಲ್ಲರೂ ತೊಂಬತ್ತರ ಸುತ್ತ ಬಂದು ನಿಂತಿರುತ್ತಾರೆ.

ಮೇಷ್ಟ್ರನ್ನು ಬೈಯೋದು ಸುಲಭ. ನನಗೆ ಅದು ಸರಿ ಕಾಣಲ್ಲ. ನಮ್ಮ ಕಡೆ ಎಷ್ಟೋ ಕಡೆ ಗೆಸ್ಟ್ ಬೋಧಕರು, ಸಂಬಳ ಯಾವ ತಿಂಗಳು ಬರುತ್ತದೋ ಅವರಿಗೇ ಗೊತ್ತಿಲ್ಲ. ಬ್ಯಾಚಿಗೆ 24 ಜನ, ಲ್ಯಾಬಿನಲ್ಲಿ ನಡೆಯುವ ಕಂಪ್ಯೂಟರ್ ಎಷ್ಟು ಅಂತ ಹುಡುಗರನ್ನೇ ಕೇಳಿ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಲ್ಯಾಬ್ ಅನ್ನೋದು ಒಲೆ. ಅಂಥದ್ದರಲ್ಲೂ ನಿಜಕ್ಕೂ ಕಲಿಸಿ, ನಿಜಕ್ಕೂ ನೋಡಿ, 68 ಅಂತ ಪ್ರಾಮಾಣಿಕವಾಗಿ ಬರೆಯುವ ಮೇಷ್ಟ್ರೂ ಇದ್ದಾರೆ. ಅವರ ಕೈಕೆಳಗೆ ಓದಿದ ಹುಡುಗರದೇ ನನಗೆ ಸಂಕಟ. ರೈಲ್ವೆ ಅಪ್ರೆಂಟಿಸ್ ತಗೊಳ್ಳಿ. ಅದಕ್ಕೆ ಪರೀಕ್ಷೆ ಇಲ್ಲ. ಹತ್ತನೇ ತರಗತಿಯ ಅಂಕ, ಐಟಿಐ ಅಂಕ, ಎರಡರ ಸರಾಸರಿ ಹಾಕಿ ಪಟ್ಟಿ ಮಾಡುತ್ತಾರೆ. ಯಾದಗಿರಿಯಲ್ಲಿ ಒಬ್ಬ ಕಟ್ಟುನಿಟ್ಟಿನ ಮೇಷ್ಟ್ರು ಕೊಟ್ಟ 68, ಬೀದರಿನಲ್ಲೋ ಕಲಬುರಗಿಯಲ್ಲೋ ಕೈಬಿಚ್ಚಿ ಕೊಟ್ಟ 93, ಎರಡೂ ಒಂದೇ ಪಟ್ಟಿಯಲ್ಲಿ ಕೂಡುತ್ತವೆ. ಆ ಯಾದಗಿರಿ ಹುಡುಗ ಮಾಡಿದ ತಪ್ಪು ಏನು? ಒಳ್ಳೆ ಮೇಷ್ಟ್ರು ಸಿಕ್ಕಿದ್ದು.

ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು, ಬರ್ತಾರಲ್ಲ ಅಂತ ಯಾರಾದರೂ ಹೇಳಬಹುದು. ಅವರು ಕೊನೆಯ ಪ್ರಾಕ್ಟಿಕಲ್‌ಗೆ ಬರುತ್ತಾರೆ. ವರ್ಷವಿಡೀ ಕೊಟ್ಟ ಅಂಕ ಸರಿಯಾ ಅಂತ ಅಳೆಯೋದು ಬೇರೆ ಕೆಲಸ. ಅದಕ್ಕೆ ಮಾಡರೇಷನ್ ಅನ್ನುತ್ತಾರೆ. ಬೇರೆ ಬೇರೆ ಕಡೆ ಬೇರೆ ಬೇರೆ ಕೈ ಕೊಟ್ಟ ಅಂಕಗಳನ್ನು ಒಂದೇ ಅಳತೆಗೆ ತರುವ ಕೆಲಸ.

ಇಂಗ್ಲೆಂಡಿನಲ್ಲಿ ಬಿಟೆಕ್ ಅಂತ ಒಂದು ವೃತ್ತಿ ಕೋರ್ಸು ಇದೆ. ನಮ್ಮ ಇಂಜಿನಿಯರಿಂಗಿನ ಬಿ.ಟೆಕ್ ಅಲ್ಲ, ಬೇರೆ. ಅದರಲ್ಲಿ ಐಟಿ ವಿಷಯವೂ ಇದೆ. ಅಲ್ಲಿ ಮೇಷ್ಟ್ರು ಒಂದು ಅಸೈನ್‌ಮೆಂಟ್ ಬರೆದರೆ ಅದು ಮಕ್ಕಳ ಕೈಗೆ ಹೋಗುವ ಮೊದಲೇ ಅದೇ ಸಂಸ್ಥೆಯ ಇನ್ನೊಬ್ಬರು ಓದಿ ಸರಿ ಅನ್ನಬೇಕು. ಮೌಲ್ಯಮಾಪನ ಆದಮೇಲೆ ಮತ್ತೆ ಕೆಲವು ಪ್ರತಿಗಳನ್ನು ಎರಡನೆಯವರು ನೋಡುತ್ತಾರೆ. ಆಮೇಲೆ ಪರೀಕ್ಷಾ ಮಂಡಳಿಯ ಕಡೆಯವರು ಹೊರಗಿನಿಂದ ಒಂದಿಷ್ಟು ಪ್ರತಿ ಆರಿಸಿ ನೋಡುತ್ತಾರೆ. ಅಲ್ಲಿ ಅಂಕದ ಮೇಲೆ ನಡೆಯುವ ಇನ್ನೊಂದು ಬಗೆಯ ಕೋರ್ಸುಗಳೂ ಇವೆ. ಅವಕ್ಕೆ ಮಾಡರೇಟರ್ ಸ್ಯಾಂಪಲ್ ಪ್ರತಿಗಳನ್ನು ತರಿಸಿಕೊಂಡು ತಾನೇ ನೋಡುತ್ತಾನೆ. ಶಾಲೆ ಕೊಟ್ಟ ಅಂಕಕ್ಕೂ ಅವನ ಅಂಕಕ್ಕೂ ಒಂದು ಮಿತಿಗಿಂತ ಜಾಸ್ತಿ ಫರಕು ಬಂದರೆ ಸ್ಯಾಂಪಲ್‌ಗೆ ಸಿಕ್ಕವರದಷ್ಟೇ ಅಲ್ಲ, ಇಡೀ ಶಾಲೆಯ ಅಂಕವನ್ನೇ ಇಳಿಸಬಹುದು, ಏರಿಸಲೂಬಹುದು. ಮೊದಲನೆಯವನು ಮೊದಲನೆಯವನಾಗೇ ಉಳಿಯುತ್ತಾನೆ, ಸಾಲು ಕದಡುವುದಿಲ್ಲ.

ಇದೆಲ್ಲ ವಿಲಾಯತಿ ಮಾತು ಅನಿಸಿದರೆ ನಮ್ಮ ಗಂಜ್ ಮಾರುಕಟ್ಟೆಗೆ ಹೋಗಿ. ತೊಗರಿ ಚೀಲ ಇಳಿಸಿದರೆ ವ್ಯಾಪಾರಿ ಎಲ್ಲ ಚೀಲ ಬಿಚ್ಚಿಸುತ್ತಾನಾ? ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ತನಗೆ ಬೇಕಾದ ಚೀಲಕ್ಕೆ ಚುಚ್ಚಿ ಹಿಡಿಯಷ್ಟು ಕಾಳು ತೆಗೆಯುತ್ತಾನೆ, ಅಂಗೈ ಮೇಲೆ ಹರಡಿ ನೋಡಿ, ಇಡೀ ರಾಶಿಗೆ ರೇಟು ಹೇಳುತ್ತಾನೆ. ಯಾವ ಚೀಲ ಅನ್ನೋದು ಅವನ ಇಷ್ಟ, ರೈತ ತೋರಿಸಿದ ಚೀಲ ಅಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂತು ಅಂತ ಎದೆ ತಟ್ಟಿಕೊಳ್ಳುತ್ತೇವೆ. ಕಾಳಿಗೆ ಇರುವ ಪರೀಕ್ಷೆ ಅದನ್ನು ಬೆಳೆದವರ ಮಕ್ಕಳ ಅಂಕಕ್ಕೆ ಇಲ್ಲ.

ಹಾಗಂತ ಹೊರಗಿನವರು ಬಂದು ಕಾಗದ ನೋಡಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಅದೇ ಇಂಗ್ಲೆಂಡಿನಲ್ಲಿ ನಮ್ಮ ಹತ್ತನೇ ತರಗತಿಯಂಥ ಪರೀಕ್ಷೆಗೆ ಕಂಪ್ಯೂಟರ್ ಸೈನ್ಸ್ ಓದುವವರು 20 ಗಂಟೆಯ ಒಂದು ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಮಾಡಬೇಕಿತ್ತು, ಅದಕ್ಕೆ ನೂರಕ್ಕೆ 20 ಅಂಕ. ಪ್ರಶ್ನೆಗಳೂ ಉತ್ತರಗಳೂ ಇಂಟರ್‌ನೆಟ್‌ನಲ್ಲಿ ಬಂದುಬಿಟ್ಟವು. ಕಡೆಗೆ ಪರೀಕ್ಷೆಗಳ ಮೇಲ್ವಿಚಾರಣೆ ಮಾಡುವ ಆಫ್ಕ್ವಾಲ್ ಸಂಸ್ಥೆ 2018ರ ಜನವರಿಯಲ್ಲಿ, ಆ ಅಂಕವನ್ನು ಗ್ರೇಡಿಗೆ ಲೆಕ್ಕ ಹಿಡಿಯುವುದೇ ಇಲ್ಲ ಅಂತ ಹೇಳಿತು. ಅಷ್ಟು ಪದರ ಕಾವಲಿದ್ದರೂ ಹೀಗಾಯಿತು. ಈಗಂತೂ ಎಐ ಬಂದಿದೆ. ಮೊನ್ನೆ ಒಬ್ಬ ತಂದ ರಿಪೋರ್ಟಿನ ಮೊದಲ ಸಾಲೇ "ಸರ್ಟನ್ಲಿ, ಹಿಯರ್ ಈಸ್ ಯುವರ್ ಪ್ರಾಜೆಕ್ಟ್ ರಿಪೋರ್ಟ್" ಅಂತಿತ್ತು. ಅಳಿಸಲಾ ಅಂತ ಕೇಳಿದೆ. "ಇರ್ಲಿ ಬಿಡ್ರಿ, ಯಾರ್ ನೋಡ್ತಾರ" ಅಂದ. ನನ್ನ ಅಂಗಡಿಯ ಆ ಫೋಲ್ಡರಿನ ವ್ಯಾಪಾರವೂ ಇನ್ನೆರಡು ವರ್ಷ ನಡೆದರೆ ಹೆಚ್ಚು.

ಅದಕ್ಕೇ ನಾನು ಕೇಳೋದು ಇಷ್ಟೇ. ಬೈಂಡ್ ಮಾಡಿದ ರಿಪೋರ್ಟು ನೋಡೋದು ಬಿಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಬೋಧಕರು ವರ್ಷಕ್ಕೆ ಎರಡು ದಿನ ಅದಲು ಬದಲಾಗಲಿ. ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ. ಹೋಗುವ ಮೊದಲು ಎಲ್ಲರೂ ಒಂದು ಕಡೆ ಕೂತು ಒಂದೇ ಪ್ರಾಜೆಕ್ಟಿಗೆ ತಮ್ಮ ತಮ್ಮ ಅಂಕ ಹಾಕಿ ಹೋಲಿಸಿ ನೋಡಿಕೊಳ್ಳಲಿ, 60 ಅಂದರೆ ಯಾವ ಮಟ್ಟದ ಕೆಲಸ, 90 ಅಂದರೆ ಯಾವುದು ಅಂತ ಅಲ್ಲೇ ಜಗಳ ಆಡಿ ತೀರ್ಮಾನ ಮಾಡಿಕೊಳ್ಳಲಿ. ಆಮೇಲೆ 24 ಜನರಲ್ಲಿ ಐದು ಹೆಸರು ಆರಿಸಲಿ. ಹೆಸರು ಆರಿಸೋರು ಬಂದವರೇ, ಅಲ್ಲಿಯ ಮೇಷ್ಟ್ರಲ್ಲ. ಆ ಐದು ಜನರನ್ನು ಅವರವರ ಪ್ರಾಜೆಕ್ಟ್ ಮುಂದೆ ಕೂರಿಸಿ ಒಂದು ಸಣ್ಣ ಬದಲಾವಣೆ ಹೇಳಲಿ. ಬಿಲ್ಲಿನಲ್ಲಿ ಜಿಎಸ್‌ಟಿ ಕಾಲಂ ಸೇರಿಸು. ಈ ಬಟನ್ ಒತ್ತಿದರೆ ಹೆಸರು ಖಾಲಿ ಇದ್ದಾಗ ಎಚ್ಚರಿಕೆ ಬರಲಿ. ಈ ಟೇಬಲ್‌ನಲ್ಲಿ ಬಾಕಿ ಇರುವವರನ್ನಷ್ಟೇ ತೋರಿಸು. ಹತ್ತು ನಿಮಿಷ ಸಾಕು. ತಾನೇ ಮಾಡಿದವನು ತಡವರಿಸಿದರೂ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಿರುತ್ತದೆ, ನನ್ನ ಅಂಗಡಿಯಿಂದ ಒಯ್ದವನು ಸ್ಕ್ರೀನ್ ನೋಡುತ್ತಾ ಕೂರುತ್ತಾನೆ.

ಫರಕು ಬಂದರೆ ಇಡೀ ಬ್ಯಾಚಿನ ಅಂಕ ಇಳಿಸೋದಾ? ಇದರಲ್ಲಿ ನನಗೇ ಎರಡು ಮನಸ್ಸು. ಮೊದಲ ವರ್ಷ ಬೇಡ, ಬರೀ ತಿಳಿಸಿದರೆ ಸಾಕು ಅನಿಸುತ್ತದೆ. ಯಾಕಂದರೆ ಕಂಪ್ಯೂಟರ್ ಕೊಡದೆ, ಬೋಧಕರನ್ನು ತುಂಬದೆ, ಅಂಕಕ್ಕಷ್ಟೇ ಕತ್ತರಿ ಹಾಕಿದರೆ ಏಟು ಬೀಳೋದು ಹುಡುಗರಿಗೆ. ಎರಡನೇ ವರ್ಷದಿಂದ ಮಾತ್ರ ನೀರು ನೀರು, ಹಾಲು ಹಾಲು ಆಗಲಿ. ಇದಕ್ಕೆ ದೊಡ್ಡ ಖರ್ಚೂ ಇಲ್ಲ, ಬಸ್ ಚಾರ್ಜು, ಭತ್ಯೆ, ಎರಡು ಹೊತ್ತು ಊಟ. ಈ ಸಲ ಪುಸ್ತಕಗಳಿಗಲ್ಲ, ಮೇಷ್ಟ್ರಿಗೆ.

ನನ್ನ ಆ ಫೋಲ್ಡರ್ ಇನ್ನೂ ಅಳಿಸಿಲ್ಲ. ಅಳಿಸಿದರೆ ಹುಡುಗರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಇನ್ನೂ ದೊಡ್ಡ ಫೋಲ್ಡರ್ ಇದೆ. ಇಲಾಖೆಯವರು ಯಾರಾದರೂ ಈ ಪತ್ರ ಓದಿದರೆ ಒಂದು ಪೆನ್‌ಡ್ರೈವ್ ಕಳಿಸಲಿ. ಹುಡುಗರ ಹೆಸರೆಲ್ಲ ತೆಗೆದು, ಪ್ರಾಜೆಕ್ಟುಗಳನ್ನಷ್ಟೇ ವರ್ಷವಾರು ಹಾಕಿಕೊಡುತ್ತೇನೆ, ಈ ವರ್ಷ ಬಂದವುಗಳ ಪಕ್ಕದಲ್ಲಿಟ್ಟು ನೋಡಲಿ. ಕಾಪಿ ಮಾಡೋಕೆ ದುಡ್ಡು ತಗೊಳ್ಳಲ್ಲ.

– ಒಬ್ಬ ಡಿಟಿಪಿ ಅಂಗಡಿಯವ, ಕಲಬುರಗಿ