ಒಂದೇ ರಾತ್ರಿಗೆ ಮುಗಿಯುವ ಕಬಡ್ಡಿ ಸಾಕು, ನಮಗೂ ಒಂದು ಸೀಸನ್ ಬೇಕು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಸುದ್ದಿ ಬರುತ್ತದೆ. ಗೆದ್ದ ತಂಡದ ಫೋಟೊ, ಬಹುಮಾನ ಕೊಟ್ಟವರ ಹೆಸರು, ಅಷ್ಟೇ. ಸೋತವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನವಲಗುಂದದಿಂದಲೋ ರೋಣದಿಂದಲೋ ಹುಡುಗರು ಕ್ರೂಸರ್ ಬಾಡಿಗೆ ಮಾಡಿಕೊಂಡು ಬರುತ್ತಾರೆ, ಪ್ರವೇಶ ಶುಲ್ಕ ಕಟ್ಟುತ್ತಾರೆ, ರಾತ್ರಿ ಒಂದೋ ಎರಡೋ ಗಂಟೆಗೆ ಅವರ ಪಾಳಿ ಬರುತ್ತದೆ, ಮೊದಲ ಪಂದ್ಯದಲ್ಲೇ ಎರಡು ಪಾಯಿಂಟ್‌ನಿಂದ ಸೋತರೆ ಬಂದ ಗಾಡಿಯಲ್ಲೇ ವಾಪಸ್. ತಿಂಗಳುಗಟ್ಟಲೆ ಮಾಡಿದ ಪ್ರಾಕ್ಟೀಸಿಗೆ ಅರ್ಧ ತಾಸಿನ ಆಟ ಸಿಕ್ಕಿತು ಅಂತ ಆಯಿತು. ಇದು ಸರಿಯಲ್ಲ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿ ವಾರವಾರ ನಡೆಯುವ ಒಂದು ಕಬಡ್ಡಿ ಸೀಸನ್ ಮಾಡಬೇಕು, ಅದರ ಕೊನೆಗೆ ಒಂದು ದೊಡ್ಡ ಫೈನಲ್ ಇಡಬೇಕು ಅಂತ ಕೇಳಲು ಈ ಪತ್ರ.

ಇದಕ್ಕೆ ನಾನು ತೋರಿಸುವುದು ಆಸ್ಟ್ರೇಲಿಯಾದ ರಗ್ಬಿ ಲೀಗನ್ನು. ಅಲ್ಲಿಯವರು ಎನ್‌ಆರ್‌ಎಲ್ ಅನ್ನುತ್ತಾರೆ. ಅಷ್ಟು ದೂರದ ಆಟ ನಮಗ್ಯಾಕೆ ಅಂತ ಕೇಳಬೇಡಿ. ಕಬಡ್ಡಿ ನೋಡಿದ ಕಣ್ಣಿಗೆ ಈ ಆಟ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಒಂದು ತಂಡಕ್ಕೆ 13 ಜನ. ಚೆಂಡು ಹಿಡಿದು ನುಗ್ಗುವವನನ್ನು ಮೂರು ಮೂರು ಜನ ಸೇರಿ ಹಿಡಿದು ಕೆಡವುತ್ತಾರೆ, ಒಬ್ಬ ಸೊಂಟಕ್ಕೆ, ಒಬ್ಬ ಕಾಲಿಗೆ. ಅವನು ಎದ್ದು ನಿಂತು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಬಿಡುತ್ತಾನೆ, ಇನ್ನೊಬ್ಬ ಎತ್ತಿಕೊಂಡು ಮತ್ತೆ ನುಗ್ಗುತ್ತಾನೆ. ಹೀಗೆ ಆರು ಸಲ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ 4 ಅಂಕ, ಆಮೇಲೆ ಎರಡು ಕಂಬದ ನಡುವೆ ಒದ್ದರೆ ಇನ್ನೂ 2. ಒಟ್ಟು 80 ನಿಮಿಷ.

ನನಗೆ ಇಷ್ಟವಾಗಿದ್ದು ಆಟಕ್ಕಿಂತ ಜಾಸ್ತಿ ಅವರ ಸೀಸನ್. 2025ರಲ್ಲಿ 17 ತಂಡ, 27 ಸುತ್ತು. ಪ್ರತಿ ತಂಡಕ್ಕೆ 24 ಪಂದ್ಯ, ಮೂರು ವಾರ ವಿಶ್ರಾಂತಿ. ಅಂಕಪಟ್ಟಿಯಲ್ಲಿ ಮೊದಲ ಎಂಟು ತಂಡಗಳು ಫೈನಲ್ಸ್ ಹಂತಕ್ಕೆ ಹೋಗುತ್ತವೆ. ಅದರಲ್ಲಿ ಮೊದಲ ನಾಲ್ಕು ಸ್ಥಾನದವರಿಗೆ ಒಂದು ಅನುಕೂಲ ಇದೆ, ಮೊದಲ ವಾರ ಸೋತರೂ ಮನೆಗೆ ಹೋಗುವುದಿಲ್ಲ, ಇನ್ನೊಂದು ಅವಕಾಶ ಸಿಗುತ್ತದೆ. ಐದರಿಂದ ಎಂಟರವರೆಗಿನವರು ಸೋತರೆ ಮುಗಿಯಿತು. ಇಡೀ ವರ್ಷ ಚೆನ್ನಾಗಿ ಆಡಿದ್ದಕ್ಕೆ ಬೆಲೆ ಇರಬೇಕಲ್ವಾ? ನಮ್ಮವರಿಗೆ ಇದು ಹೊಸದೇನಲ್ಲ. 2025ರ ಐಪಿಎಲ್‌ನಲ್ಲಿ ಪಂಜಾಬ್ ಮೊದಲ ಕ್ವಾಲಿಫೈಯರ್‌ನಲ್ಲಿ ನಮ್ಮ ಆರ್‌ಸಿಬಿ ಎದುರು ಸೋತು, ಮುಂದಿನ ಪಂದ್ಯದಲ್ಲಿ ಮುಂಬೈಯನ್ನು ಸೋಲಿಸಿ, ಮತ್ತೆ ಫೈನಲ್‌ಗೆ ಬಂದಿತ್ತು.

2025ರ ಆ ಸೀಸನ್ ನೋಡಿದವರಿಗೆ ನಾನು ಹೇಳುವುದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಪೆನ್ರಿತ್ ತಂಡ ಅದಕ್ಕೂ ಮೊದಲು ಸತತ ನಾಲ್ಕು ವರ್ಷ ಚಾಂಪಿಯನ್. ಅಂಥ ತಂಡ ಸೀಸನ್ ನಡುವೆ ಪಟ್ಟಿಯ ತಳಕ್ಕೆ ಹೋಗಿತ್ತು. ನಮ್ಮ ಪದ್ಧತಿಯಲ್ಲಾಗಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಂದೆ ವಾರಗಳು ಉಳಿದಿದ್ದವು, ಗೆಲ್ಲುತ್ತಾ ಗೆಲ್ಲುತ್ತಾ ಏಳನೇ ಸ್ಥಾನಕ್ಕೆ ಬಂದರು, ಫೈನಲ್‌ಗೆ ಒಂದೇ ಮೆಟ್ಟಿಲು ಬಾಕಿ ಇರುವಾಗ ಬ್ರಿಸ್ಬೇನ್ ಬ್ರಾಂಕೋಸ್ ಎದುರು 14-16ರಲ್ಲಿ ಸೋತರು. ಎರಡೇ ಅಂಕ!

ಆ ಬ್ರಾಂಕೋಸ್ ಕಥೆಯೂ ಕಡಿಮೆಯದಲ್ಲ. 2023ರ ಫೈನಲ್‌ನಲ್ಲಿ ಇದೇ ಪೆನ್ರಿತ್ ಎದುರು 24-8ರಲ್ಲಿ ಮುಂದಿದ್ದು, ಕೊನೆಯ ಇಪ್ಪತ್ತು ನಿಮಿಷದಲ್ಲಿ ಎಲ್ಲ ಕಳೆದುಕೊಂಡು 24-26ರಲ್ಲಿ ಸೋತಿದ್ದರು. 2025ರ ಅಕ್ಟೋಬರ್ 5, ರವಿವಾರ, ಸಿಡ್ನಿಯಲ್ಲಿ ಮತ್ತೆ ಫೈನಲ್. ಎದುರಿಗೆ ಮೆಲ್ಬರ್ನ್ ಸ್ಟಾರ್ಮ್. ಅರ್ಧ ಆಟ ಮುಗಿದಾಗ ಮೆಲ್ಬರ್ನ್ 22, ಬ್ರಿಸ್ಬೇನ್ 12. ಎರಡನೇ ಅರ್ಧದಲ್ಲಿ ಮೆಲ್ಬರ್ನ್‌ಗೆ ಒಂದು ಅಂಕವನ್ನೂ ಬಿಡಲಿಲ್ಲ, 26-22ರಲ್ಲಿ ಗೆದ್ದರು. 2006ರ ನಂತರ ಮೊದಲ ಪ್ರಶಸ್ತಿ. ರೀಸ್ ವಾಲ್ಶ್ ಅನ್ನುವ ಹುಡುಗ ಅಂದು ಆಡಿದ್ದನ್ನು ನಮ್ಮ ಕಬಡ್ಡಿ ಹುಡುಗರು ಒಮ್ಮೆ ನೋಡಬೇಕು. ದಾಳಿ ಮಾಡಿ ಅಂಕ ತಂದವನೂ ಅವನೇ, ಕೊನೆಗೆ ಎದುರಾಳಿ ಗೆರೆ ಮುಟ್ಟಲು ಓಡುತ್ತಿದ್ದಾಗ ಬೆನ್ನಟ್ಟಿ ಕೆಡವಿದವನೂ ಅವನೇ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೆನ್ ಹಂಟ್ ಕಥೆ. 2015ರ ಫೈನಲ್‌ನಲ್ಲಿ ಬ್ರಿಸ್ಬೇನ್ ಮತ್ತು ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 16-16ಕ್ಕೆ ಸಮ ಆಗಿ ಎಕ್ಸ್‌ಟ್ರಾ ಟೈಮ್‌ಗೆ ಹೋಯಿತು. ಅಲ್ಲಿ ಮೊದಲು ಅಂಕ ಮಾಡಿದವರೇ ಗೆದ್ದ ಹಾಗೆ. ಆಟ ಶುರುವಾದ ಮೊದಲ ಚೆಂಡೇ ಬ್ರಿಸ್ಬೇನ್‌ನ ಬೆನ್ ಹಂಟ್ ಕೈಗೆ ಬಂತು, ಅವನು ಅದನ್ನು ಕೈಚೆಲ್ಲಿದ. ಸ್ವಲ್ಪ ಹೊತ್ತಿಗೇ ಕೌಬಾಯ್ಸ್‌ನ ಜೊನಾಥನ್ ಥರ್ಸ್ಟನ್ ಒಂದು ಅಂಕದ ಫೀಲ್ಡ್ ಗೋಲ್ ಒದ್ದ, ಅಂದರೆ ಆಟ ನಡೆಯುತ್ತಿರುವಾಗಲೇ ಚೆಂಡನ್ನು ಎರಡು ಕಂಬದ ನಡುವೆ ಒದ್ದ. 17-16, ಆಟ ಮುಗಿಯಿತು. ಲಕ್ಷಾಂತರ ಜನರ ಕಣ್ಣಿಗೆ ಆ ಕೈಚೆಲ್ಲಿದ ಚೆಂಡೇ ಉಳಿಯಿತು. ಹಂಟ್ ಮುಂದೆ ಬೇರೆ ಕ್ಲಬ್‌ಗೆ ಹೋದ, 2025ಕ್ಕೆ ಬ್ರಿಸ್ಬೇನ್‌ಗೆ ವಾಪಸ್ ಬಂದ. ಫೈನಲ್ಸ್ ಮೊದಲ ವಾರ, ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಕ್ಯಾನ್ಬೆರಾ ಎದುರು ಮತ್ತೆ 28-28, ಮತ್ತೆ ಎಕ್ಸ್‌ಟ್ರಾ ಟೈಮ್. ಈ ಸಲ ಫೀಲ್ಡ್ ಗೋಲ್ ಒದ್ದು 29-28ರಲ್ಲಿ ಗೆಲ್ಲಿಸಿದವನು ಅದೇ ಬೆನ್ ಹಂಟ್. ತಿಂಗಳೊಳಗೆ ಕಪ್ಪೂ ಕೈಗೆ ಬಂತು. ಹತ್ತು ವರ್ಷ! ಅಷ್ಟು ವರ್ಷ ಅವನು ಆಟ ಬಿಡದೆ ಉಳಿದದ್ದು ಯಾಕೆ ಅಂದರೆ ಪ್ರತಿ ವರ್ಷ, ಪ್ರತಿ ವಾರ ಆಡಲು ಇನ್ನೊಂದು ಪಂದ್ಯ ಇತ್ತು. ನಮ್ಮಲ್ಲಿ ಒಂದು ಕ್ಯಾಚ್ ತಪ್ಪಿಸಿದ ಹುಡುಗನಿಗೆ ಮುಂದಿನ ಪಂದ್ಯ ಯಾವಾಗ ಅಂತಲೇ ಗೊತ್ತಿರುವುದಿಲ್ಲ. ಮುಂದಿನ ಜಾತ್ರೆಗೆ ಇರಬಹುದು, ಇಲ್ಲದೆಯೂ ಇರಬಹುದು. ಎಷ್ಟೋ ಒಳ್ಳೆಯ ಆಟಗಾರರು ಇಪ್ಪತ್ತೆರಡು ಇಪ್ಪತ್ಮೂರಕ್ಕೇ ಆಟ ಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಹಾಗಾದರೆ ಮೊದಲ ಸ್ಥಾನ ಪಡೆದ ಕ್ಯಾನ್ಬೆರಾಗೆ ಅನ್ಯಾಯ ಆಗಲಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಎರಡನೇ ಅವಕಾಶದಲ್ಲೂ ಅವರು ಸೋತರು, ನಿಜ. ಆದರೆ ಪಟ್ಟಿಯಲ್ಲಿ ಮೊದಲು ಬಂದ ತಂಡಕ್ಕೆ ಅಲ್ಲಿ ಬೇರೆಯೇ ಒಂದು ಶೀಲ್ಡ್ ಕೊಡುತ್ತಾರೆ, ಅದು ಕ್ಯಾನ್ಬೆರಾಗೆ ಸಿಕ್ಕಿತು. ನಾವೂ ಹಾಗೇ ಮಾಡೋಣ. ಸೀಸನ್ ಗೆದ್ದವರಿಗೆ ಒಂದು ಬಹುಮಾನ, ಫೈನಲ್ ಗೆದ್ದವರಿಗೆ ಇನ್ನೊಂದು.

ದುಡ್ಡಿನ ಮಾತು ಬಂದೇ ಬರುತ್ತದೆ. ಈ ರಗ್ಬಿ ಲೀಗ್ ಅನ್ನುವ ಆಟ ಹುಟ್ಟಿದ್ದೇ ಇಂಗ್ಲೆಂಡಿನಲ್ಲಿ, ಕೂಲಿಯ ಜಗಳದಿಂದ. ಉತ್ತರ ಇಂಗ್ಲೆಂಡಿನ ಗಿರಣಿ ಮತ್ತು ಗಣಿ ಕೆಲಸಗಾರರು ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕು ಅಂದರೆ ಆಗ ರಗ್ಬಿ ನಡೆಸುತ್ತಿದ್ದ ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸೇರಿ ಅಲ್ಲಿನ ಕ್ಲಬ್‌ಗಳು ಬೇರೆಯಾದವು. ಹೋದ ಕೂಲಿಗೆ ದಿನಕ್ಕೆ 6 ಶಿಲಿಂಗ್ ಕೊಡಲು ಶುರು ಮಾಡಿದರು. ತಾರಿಹಾಳದ ಕಾರ್ಖಾನೆಯಲ್ಲಿ, ಎಪಿಎಂಸಿಯಲ್ಲಿ, ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಆಟಗಾರರ ಕಷ್ಟವೂ ಇದೇ ಅಲ್ವಾ? ರಾತ್ರಿಯೆಲ್ಲ ಎದ್ದು ಆಡಿದರೆ ಮರುದಿನದ ಪಗಾರ ಕಟ್. ಗೆದ್ದವರಿಗೆ ಆಳೆತ್ತರದ ಟ್ರೋಫಿ ಕೊಡುವ ಬದಲು ಆಡಿದ ಎಲ್ಲರಿಗೂ ದಿನದ ಪಗಾರ ಮತ್ತು ಗಾಡಿ ಖರ್ಚು ಕೊಡಿ ಅಂತ ನಾನು ಸಂಘಟಕರನ್ನು ಕೇಳುತ್ತೇನೆ.

ಮಾಡುವುದು ಅಷ್ಟೇನೂ ಕಷ್ಟವಲ್ಲ. ಶುರುವಿಗೆ ಹತ್ತು ತಾಲ್ಲೂಕು ತಂಡ ಸಾಕು. ಕಲಘಟಗಿ, ಕುಂದಗೋಳ, ಮುಂಡರಗಿ, ಶಿರಹಟ್ಟಿ, ಬ್ಯಾಡಗಿ, ಹಾನಗಲ್, ಹೀಗೆ. ಸುಗ್ಗಿ ಮುಗಿದ ಮೇಲೆ ಶುರು, ಮಳೆಗಾಲದ ಮೊದಲು ಮುಗಿಯಬೇಕು. ರವಿವಾರ ಸಂಜೆ ಮಾತ್ರ ಪಂದ್ಯ, ರಾತ್ರಿ ಹತ್ತಕ್ಕೆ ಎಲ್ಲರೂ ಮನೆಗೆ. ಒಂದು ವಾರ ನಮ್ಮೂರಲ್ಲಿ, ಇನ್ನೊಂದು ವಾರ ಅವರ ಊರಲ್ಲಿ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆ ಬಂದರೆ ಆ ವಾರ ಎಲ್ಲರಿಗೂ ವಿಶ್ರಾಂತಿ. ಮೊದಲ ನಾಲ್ಕು ತಂಡ ಕೊನೆಯ ಹಂತಕ್ಕೆ, ಅದರಲ್ಲಿ ಮೊದಲ ಎರಡಕ್ಕೆ ಎರಡನೇ ಅವಕಾಶ. ಫೈನಲ್ ಒಂದು ವರ್ಷ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ, ಮುಂದಿನ ವರ್ಷ ಗದಗದಲ್ಲಿ, ಆಮೇಲೆ ಹಾವೇರಿಯಲ್ಲಿ. ನಮ್ಮೂರ ತಂಡ ಇಲ್ಲದಿದ್ದರೆ ಜನ ಬರುವುದಿಲ್ಲ ಅನ್ನುವ ಮಾತು ಸುಳ್ಳು. ಬ್ರಿಸ್ಬೇನ್ ಮತ್ತು ಮೆಲ್ಬರ್ನ್ ಎರಡೂ ಸಿಡ್ನಿಯ ತಂಡಗಳಲ್ಲ, ಆದರೂ ಆ ಫೈನಲ್‌ಗೆ ಸಿಡ್ನಿಯಲ್ಲಿ ಸೇರಿದ್ದು 80 ಸಾವಿರದಷ್ಟು ಜನ.

ಸಂಪಾದಕರೇ, ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಇಂಥ ಲೀಗ್ ಯಾರಾದರೂ ಶುರು ಮಾಡಿದರೆ ಪ್ರತಿ ಸೋಮವಾರ ಜಿಲ್ಲಾ ಪುಟದಲ್ಲಿ ಅಂಕಪಟ್ಟಿ ಹಾಕಿ. ಪೂರ್ತಿ ಪಟ್ಟಿ ಹಾಕಿ, ಮೊದಲ ಸ್ಥಾನದಿಂದ ಹತ್ತನೇ ಸ್ಥಾನದವರೆಗೆ. ಚಹಾದಂಗಡಿಯಲ್ಲಿ ಪೇಪರ್ ಓದುವವರು ತಮ್ಮ ತಾಲ್ಲೂಕು ಎಷ್ಟನೇ ಸ್ಥಾನದಲ್ಲಿದೆ ಅಂತ ನೋಡಿ ಚರ್ಚೆ ಶುರು ಮಾಡಿದರೆ ಮುಂದಿನ ರವಿವಾರ ಮೈದಾನ ತಾನಾಗಿಯೇ ತುಂಬುತ್ತದೆ. ಇದನ್ನು ಓದಿದ ಕಬಡ್ಡಿ ಸಂಘದವರು, ಗರಡಿಮನೆಯ ಹಿರಿಯರು ಬೇರೆ ದಾರಿ ಇದ್ದರೆ ಇದೇ ಅಂಕಣಕ್ಕೆ ಬರೆದು ತಿಳಿಸಲಿ.

ಇಂತಿ,
ನಿಮ್ಮ ಓದುಗ,
ಹಳೇ ಹುಬ್ಬಳ್ಳಿ